ನಾನೇ ಕಂಡದ್ದಕ್ಕೂ ಆಧಾರ ಬೇಕೆ?

ಪ್ರಶ್ನೆ (ಡೊಂಬಿವಲಿಯ ಸದಸ್ಯರು):
ನಮಸ್ಕಾರ. ನಾನು ಬ್ಯಾಂಕಿನಿಂದ ನಿವೃತ್ತನಾದವನು. ಊರು ಬಿಟ್ಟು ಮುಂಬಯಿಗೆ ಬಂದ ಮೊದಲ ವರ್ಷಗಳಲ್ಲಿ ಹಗಲು ಫೋರ್ಟಿನ ಹೋಟೆಲೊಂದರಲ್ಲಿ ಲೋಟ-ತಟ್ಟೆ ತೊಳೆಯುತ್ತ, ರಾತ್ರಿ ಕನ್ನಡ ಶಾಲೆಗೆ ಹೋಗಿ ಓದಿದೆ. ಆ ಶಾಲೆಯ ಬಗ್ಗೆ ಕನ್ನಡ ವಿಕಿಪೀಡಿಯದಲ್ಲಿ ಒಂದು ಸಾಲೂ ಇಲ್ಲದ್ದನ್ನು ಕಂಡು ಕಳೆದ ತಿಂಗಳು ನಾನೇ ಲೇಖನ ಬರೆದೆ. ಎರಡೇ ದಿನಗಳಲ್ಲಿ ಅದರ ನೆತ್ತಿಯ ಮೇಲೆ ಮೂರು ಸೂಚನೆಗಳು ಬಿದ್ದವು: ಆಧಾರಗಳಿಲ್ಲ, ಧಾಟಿ ಹೊಗಳಿಕೆಯದು, ಕೃತಿಸ್ವಾಮ್ಯದ ಉಲ್ಲಂಘನೆ ಇರಬಹುದು. ಮೂರನೆಯದರ ಕಾರಣ ನನಗೆ ಗೊತ್ತು. ಶಾಲೆಯ ಸ್ಮರಣ ಸಂಚಿಕೆಯ ನಾಲ್ಕು ಪುಟಗಳನ್ನು, ಕಾರ್ಯದರ್ಶಿಗಳ ಬಾಯಿಮಾತಿನ ಒಪ್ಪಿಗೆ ಪಡೆದು, ಇದ್ದ ಹಾಗೆಯೇ ಬೆರಳಚ್ಚು ಮಾಡಿದ್ದೆ. ಆ ಸಂಚಿಕೆ ಶಾಲೆಯ ಜಾಲತಾಣದಲ್ಲೂ ಇದೆ. ಉಳಿದೆರಡು ನನಗೆ ಅರ್ಥವಾಗಲಿಲ್ಲ. ಆ ಬೆಂಚಿನ ಮೇಲೆ ಕುಳಿತವನೇ ನಾನು. ನನ್ನ ಮಾತಿಗೆ ಇನ್ನೊಬ್ಬರ ಸಾಕ್ಷಿ ಏಕೆ? ಸಿಟ್ಟಿನಲ್ಲಿ ಆ ಸೂಚನೆಗಳನ್ನು ಎರಡು ಸಲ ಅಳಿಸಿದೆ, ಎರಡು ಸಲವೂ ಅವು ಮರಳಿ ಬಂದವು. ಮುಂದೇನು ಮಾಡಲಿ?

ಉತ್ತರ (ವಿಕಿಪೀಡಿಯದ ಹಳೆಯ ಸಂಪಾದಕರು):
ಮಾನ್ಯರೇ, ಮೊದಲು ಅಳಿಸುವುದನ್ನು ನಿಲ್ಲಿಸಿ. ಒಬ್ಬರು ಅಳಿಸುವುದು, ಇನ್ನೊಬ್ಬರು ಮರಳಿಸುವುದು ಹೀಗೆಯೇ ನಡೆದರೆ ಅದು ಸಂಪಾದನಾ ಜಗಳವಾಗುತ್ತದೆ. ಇಂಗ್ಲಿಷ್ ವಿಕಿಪೀಡಿಯದಲ್ಲಂತೂ ಒಂದೇ ಪುಟದಲ್ಲಿ 24 ಗಂಟೆಗಳೊಳಗೆ ಮೂರಕ್ಕಿಂತ ಹೆಚ್ಚು ಸಲ ಹಾಗೆ ಮಾಡಿದವರ ಖಾತೆಗೆ ತಡೆ ಬೀಳಬಹುದು. ಪ್ರತಿ ಲೇಖನಕ್ಕೂ ಒಂದು ಚರ್ಚೆ ಪುಟವಿರುತ್ತದೆ. ಸೂಚನೆ ಹಾಕಿದವರನ್ನು ಅಲ್ಲಿ ಕೇಳಿ. ಅಲ್ಲಿ ಉತ್ತರ ಬಾರದಿದ್ದರೆ ಅರಳಿಕಟ್ಟೆಯಲ್ಲಿ ಬರೆಯಿರಿ. ಕನ್ನಡ ವಿಕಿಪೀಡಿಯದ ಸಾರ್ವಜನಿಕ ಚರ್ಚೆಯ ಪುಟಕ್ಕೆ ಇಟ್ಟಿರುವ ಹೆಸರೇ ಅದು, ಮತ್ತು ನನ್ನ ಮಟ್ಟಿಗೆ ಆ ತಾಣದ ಅತ್ಯಂತ ಚೆಂದದ ಹೆಸರು.

ಇನ್ನು ನಿಮ್ಮ ಮುಖ್ಯ ಪ್ರಶ್ನೆ. ನೀವು ಸುಳ್ಳು ಹೇಳುತ್ತಿದ್ದೀರಿ ಎಂದು ಯಾರೂ ಅಂದಿಲ್ಲ. ವಿಕಿಪೀಡಿಯದಲ್ಲಿ ಬರೆಯುವವರು ಯಾರೆಂಬುದು ಓದುಗನಿಗೆ ತಿಳಿಯುವುದಿಲ್ಲ. ಆ ಬೆಂಚಿನ ಮೇಲೆ ಕುಳಿತ ನೀವೂ, ಆ ಶಾಲೆಯ ಬೀದಿಯನ್ನೇ ನೋಡದ ನಾನೂ ಅವನ ಪಾಲಿಗೆ ಒಂದೇ. ಆದ್ದರಿಂದ ಅಲ್ಲಿನ ಮಾತಿಗೆ ಬೆಲೆ ಬರುವುದು ಬರೆದವರ ಅನುಭವದಿಂದಲ್ಲ, ಬೇರೆಡೆ ಈಗಾಗಲೇ ಅಚ್ಚಾಗಿದ್ದು ಓದುಗನೇ ತೆಗೆದು ನೋಡಬಹುದಾದ ಬರಹದಿಂದ. ನೆನಪು ಎಷ್ಟೇ ನಿಖರವಾಗಿದ್ದರೂ ಅಚ್ಚಾಗುವವರೆಗೆ ಅದು ಅಲ್ಲಿ ಸ್ವಂತ ಸಂಶೋಧನೆ ಎನಿಸಿಕೊಳ್ಳುತ್ತದೆ. ನಿಮ್ಮ ನೆನಪುಗಳನ್ನು ಬರೆಯಬೇಡಿ ಎಂದು ಇದರರ್ಥವಲ್ಲ. ದಯವಿಟ್ಟು ಬರೆಯಿರಿ, ಆದರೆ ಯಾವುದಾದರೂ ಪತ್ರಿಕೆಗೆ ಬರೆಯಿರಿ.

ಧಾಟಿಯ ವಿಷಯಕ್ಕೆ ನಿಮ್ಮದೇ ಒಂದು ವಾಕ್ಯವನ್ನು ತೆಗೆದುಕೊಳ್ಳುತ್ತೇನೆ: “ನಮ್ಮೆಲ್ಲರ ಹೆಮ್ಮೆಯ ಈ ವಿದ್ಯಾದೇಗುಲವು ಹೋಟೆಲುಗಳಲ್ಲಿ ದುಡಿಯುತ್ತಿದ್ದ ಸಾವಿರಾರು ಬಡ ಹುಡುಗರ ಬಾಳಿಗೆ ಬೆಳಕಾಯಿತು.” ಇದರಲ್ಲಿ ‘ನಮ್ಮೆಲ್ಲರ’ ಎಂದರೆ ಯಾರು ಎಂಬುದಕ್ಕೆ ವಿಶ್ವಕೋಶದಲ್ಲಿ ಉತ್ತರವಿಲ್ಲ, ಅದು ಹೋಗಲಿ. ‘ವಿದ್ಯಾದೇಗುಲ’ ಶಾಲೆಯಾಗಲಿ. ‘ಸಾವಿರಾರು’ ಎಂಬುದನ್ನು ಎಣಿಸಿದವರು ಯಾರು? ಎಣಿಕೆ ಎಲ್ಲಾದರೂ ಪ್ರಕಟವಾಗಿದ್ದರೆ ಆ ಸಂಖ್ಯೆಯನ್ನೇ ಕೊಡಿ, ಇಲ್ಲದಿದ್ದರೆ ಬಿಡಿ. ‘ಬೆಳಕಾಯಿತು’ ಎಂಬುದು ಒಬ್ಬರ ಅಭಿಪ್ರಾಯ. ಅದನ್ನು ಹೇಳಿದವರ ಹೆಸರಿನೊಂದಿಗೆ ಉಲ್ಲೇಖಿಸಬಹುದೇ ಹೊರತು ವಿಕಿಪೀಡಿಯ ತನ್ನ ದನಿಯಲ್ಲಿ ಹೇಳುವಂತಿಲ್ಲ. ಕೊನೆಗೆ ಉಳಿಯುವುದು ಇಷ್ಟು: “ಹೋಟೆಲುಗಳಲ್ಲಿ ದುಡಿಯುತ್ತಿದ್ದ ಹುಡುಗರು ರಾತ್ರಿ ಈ ಶಾಲೆಯಲ್ಲಿ ಓದುತ್ತಿದ್ದರು.” ಇದರ ಪೂರ್ಣವಿರಾಮದ ಬೆನ್ನಿಗೇ ಅಡಿಟಿಪ್ಪಣಿ ಬರಬೇಕು. ಸಪ್ಪೆಯಾಯಿತು ಎನ್ನುತ್ತೀರಿ, ಒಪ್ಪುತ್ತೇನೆ. ಆದರೆ ಹಗಲು ಲೋಟ ತೊಳೆದ ಹುಡುಗ ರಾತ್ರಿ ಪುಸ್ತಕ ಹಿಡಿದನೆಂದ ಮೇಲೆ ವಿಶೇಷಣಗಳ ಅಗತ್ಯವೇ ಇಲ್ಲ.

ಸ್ಮರಣ ಸಂಚಿಕೆಯ ಪುಟಗಳನ್ನು ಇಂದೇ ತೆಗೆದುಹಾಕಿ. ವಿಕಿಪೀಡಿಯದ ಪಠ್ಯ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿರುವುದರಿಂದ, ಮೂಲವನ್ನು ಹೆಸರಿಸಿ, ಅದೇ ಪರವಾನಗಿಯನ್ನು ಮುಂದುವರಿಸಿ, ಯಾರು ಬೇಕಾದರೂ ಅದನ್ನು ಬಳಸಬಹುದು, ಅಚ್ಚು ಹಾಕಿಸಿ ಮಾರಲೂಬಹುದು. ಕಾರ್ಯದರ್ಶಿಗಳು ಬಾಯಿಮಾತಿನಲ್ಲಿ ಒಪ್ಪಿದ್ದು ಇಷ್ಟಕ್ಕೆಲ್ಲ ಅಲ್ಲವಷ್ಟೆ. ಸಂಗತಿಗಳಿಗೆ ಕೃತಿಸ್ವಾಮ್ಯವಿಲ್ಲ, ಬರೆದ ಮಾತುಗಳಿಗೆ ಇದೆ. ಆದ್ದರಿಂದ ಸಂಚಿಕೆಯನ್ನು ಓದಿ, ಮುಚ್ಚಿಟ್ಟು, ನಿಮ್ಮ ಮಾತಿನಲ್ಲಿ ಬರೆಯಿರಿ. ಎದುರಿಗಿಟ್ಟುಕೊಂಡು ಅಲ್ಲೊಂದು ಇಲ್ಲೊಂದು ಪದ ಬದಲಿಸಿದರೆ ಅದೂ ನಕಲೇ.

ಅದೇ ಸದಸ್ಯರು:
ತುಂಬ ಉಪಕಾರ, ಸರ್. ಆದರೆ ಸ್ಮರಣ ಸಂಚಿಕೆಯನ್ನು ಬಿಟ್ಟರೆ ನನ್ನಲ್ಲಿ ಬೇರೇನೂ ಇಲ್ಲ. ಇನ್ನೊಂದು ಸಂಗತಿಯನ್ನೂ ಹೇಳಿಬಿಡುತ್ತೇನೆ: ಹಳೆ ವಿದ್ಯಾರ್ಥಿ ಸಂಘದ ಖಜಾಂಚಿ ನಾನೇ.

ಉತ್ತರ:
ಹೇಳಿದ್ದು ಒಳ್ಳೆಯದಾಯಿತು. ಅದೇ ಮಾತನ್ನು ನಿಮ್ಮ ಸದಸ್ಯ ಪುಟದಲ್ಲೂ ಬರೆಯಿರಿ. ಸಂಬಂಧವಿರುವುದು ತಪ್ಪಲ್ಲ, ಮುಚ್ಚಿಡುವುದು ತಪ್ಪು. ದೊಡ್ಡ ಬದಲಾವಣೆಗಳನ್ನು ಚರ್ಚೆ ಪುಟದಲ್ಲಿ ಸೂಚಿಸಿ, ಸಂಬಂಧವಿಲ್ಲದ ಮತ್ತೊಬ್ಬರು ಸೇರಿಸಲಿ ಎಂದು ಕಾಯುವುದು ಲೇಸು.

ಸ್ಮರಣ ಸಂಚಿಕೆ ಶಾಲೆಯೇ ತನ್ನ ಬಗ್ಗೆ ಹೇಳಿಕೊಂಡ ಮಾತು. ಸ್ಥಾಪನೆಯ ವರ್ಷ, ವಿಳಾಸದಂತಹ ವಿವಾದವಿಲ್ಲದ ವಿವರಗಳಿಗೆ ಅದು ಸಾಕು. ಶಾಲೆಗೆ ಪ್ರತ್ಯೇಕ ಲೇಖನ ಇರಬೇಕೇ ಎಂಬ ಪ್ರಶ್ನೆಗೆ ಅದು ಉತ್ತರವಾಗದು. ಅದಕ್ಕೆ ಶಾಲೆಯ ಹಂಗಿಲ್ಲದವರು ಸಾಕಷ್ಟು ವಿವರವಾಗಿ ಬರೆದದ್ದು ಬೇಕು. ಉದಯವಾಣಿಯ ಮುಂಬಯಿ ಆವೃತ್ತಿ, ಕರ್ನಾಟಕ ಮಲ್ಲದ ಹಳೆಯ ಸಂಚಿಕೆಗಳಲ್ಲಿ ಹುಡುಕಿ. 1926ರಲ್ಲಿ ಹುಟ್ಟಿದ ಮಾಟುಂಗದ ಮೈಸೂರು ಅಸೋಸಿಯೇಷನ್ನಿನಲ್ಲಿ, 1933ರಲ್ಲಿ ಹುಟ್ಟಿದ ಮಾಹಿಮಿನ ಕರ್ನಾಟಕ ಸಂಘದಲ್ಲಿ ಹಳಬರನ್ನು ವಿಚಾರಿಸಿ. ಮುಂಬಯಿ ವಿಶ್ವವಿದ್ಯಾಲಯದ ಕನ್ನಡ ವಿಭಾಗದಲ್ಲಿ ಈ ವಿಷಯವನ್ನು ಮುಟ್ಟಿದ ಸಂಶೋಧನಾ ಪ್ರಬಂಧಗಳಿವೆಯೇ ಎಂದು ಕೇಳಿ. ಆಧಾರ ಕನ್ನಡದಲ್ಲೇ ಇರಬೇಕೆಂಬ ನಿಯಮವಿಲ್ಲ, ಅಂತರ್ಜಾಲದಲ್ಲಿ ಇರಬೇಕೆಂದೂ ಇಲ್ಲ; ಹಳೆಯ ಲೋಕಸತ್ತಾದ ಮರಾಠಿ ವರದಿಯೂ ನಡೆಯುತ್ತದೆ, ದಿನಾಂಕ ಮತ್ತು ಪುಟಸಂಖ್ಯೆ ಸರಿಯಾಗಿದ್ದರಾಯಿತು.

ಇಷ್ಟಾಗಿಯೂ ಒಂದೆರಡು ಸಾಲುಗಳಷ್ಟೇ ಸಿಕ್ಕರೆ, ಮುಂಬಯಿಯ ಕನ್ನಡ ರಾತ್ರಿ ಶಾಲೆಗಳ ಬಗ್ಗೆ ಒಂದು ಸಮಗ್ರ ಲೇಖನ ಬರೆದು, ಅದರಲ್ಲಿ ನಿಮ್ಮ ಶಾಲೆಗೊಂದು ಪರಿಚ್ಛೇದ ಕೊಡಿ. ನನ್ನನ್ನು ಕೇಳಿದರೆ ಅದೇ ಹೆಚ್ಚು ಉಪಯೋಗದ ಲೇಖನ.

ಕಲ್ಯಾಣದ ಇನ್ನೊಬ್ಬ ಸದಸ್ಯರು:
ನಡುವೆ ಬಾಯಿ ಹಾಕಿದ್ದಕ್ಕೆ ಕ್ಷಮಿಸಿ. ಇಂಗ್ಲಿಷ್ ವಿಕಿಪೀಡಿಯದ ಲೇಖನವನ್ನೇ ಆಧಾರವೆಂದು ಕೊಡಬಹುದೇ?

ಉತ್ತರ:
ಕೊಡುವಂತಿಲ್ಲ. ಅದೂ ನಮ್ಮಂಥವರೇ ಬರೆದದ್ದು. ಅದರ ಅಡಿಟಿಪ್ಪಣಿಯಲ್ಲಿರುವ ಮೂಲವನ್ನು ತೆರೆದು, ನೀವೇ ಓದಿ, ಆ ಮೂಲವನ್ನು ಉಲ್ಲೇಖಿಸಿ. ಅನುವಾದ ಮಾಡಿದ್ದಾದರೆ ಬದಲಾವಣೆಯ ಸಾರಾಂಶದಲ್ಲಿ ಮೂಲ ಲೇಖನದ ಹೆಸರು ಹೇಳುವುದು ಕಡ್ಡಾಯ. ಕೃತಕ ಬುದ್ಧಿಮತ್ತೆ ಕೊಟ್ಟ ಉಲ್ಲೇಖಗಳನ್ನು ಕಣ್ಣಾರೆ ನೋಡದೆ ಹಾಕಲೇಬೇಡಿ. ಇಲ್ಲದ ಪುಸ್ತಕಕ್ಕೆ ಪುಟಸಂಖ್ಯೆ ಕೊಡುವಷ್ಟು ಧೈರ್ಯ ಅದಕ್ಕಿದೆ.

ಡೊಂಬಿವಲಿಯ ಸದಸ್ಯರು (ಹತ್ತು ದಿನಗಳ ನಂತರ):
ಸರ್, ಸಹಪಾಠಿಯೊಬ್ಬರ ಪೆಟ್ಟಿಗೆಯಲ್ಲಿ ಶಾಲೆಯ ಬಗೆಗಿನ ಪತ್ರಿಕಾ ವರದಿಯ ತುಣುಕು ಸಿಕ್ಕಿತು. ಅರ್ಧ ಪುಟದಷ್ಟಿದೆ. ಆದರೆ ದಿನಾಂಕದ ಭಾಗ ಕತ್ತರಿಗೆ ಹೋಗಿದೆ. ಅಲ್ಲದೆ ಅದರಲ್ಲಿರುವ ಸ್ಥಾಪನೆಯ ವರ್ಷ ಸ್ಮರಣ ಸಂಚಿಕೆಯದಕ್ಕಿಂತ ಎರಡು ವರ್ಷ ಹಿಂದಿನದು.

ಉತ್ತರ:
ವರ್ಷದ ವಿಷಯದಲ್ಲಿ ನೀವು ತೀರ್ಪುಗಾರರಾಗಬೇಡಿ. ಪತ್ರಿಕೆ ಹೀಗೆನ್ನುತ್ತದೆ, ಸಂಚಿಕೆ ಹಾಗೆನ್ನುತ್ತದೆ ಎಂದು ಎರಡನ್ನೂ ಅವುಗಳ ಆಧಾರದೊಂದಿಗೆ ಕೊಡಿ. ದಿನಾಂಕವನ್ನು ಊಹಿಸಿ ಬರೆಯುವಂತಿಲ್ಲ. ತುಣುಕನ್ನು ತಿರುಗಿಸಿ ನೋಡಿ: ಹಿಂಬದಿಯಲ್ಲಿ ಕ್ರಿಕೆಟ್ ಪಂದ್ಯದ ಸ್ಕೋರೋ, ಚುನಾವಣೆಯ ಸುದ್ದಿಯೋ ಇದ್ದರೆ ಯಾವ ವಾರದ್ದೆಂದು ತಿಳಿಯುತ್ತದೆ. ಆ ವಾರದ ಸಂಚಿಕೆಗಳ ಕಟ್ಟು ಯಾವ ಗ್ರಂಥಾಲಯದಲ್ಲಿದೆಯೋ ಅಲ್ಲಿಗೆ ಹೋಗಿ ಪುಟವನ್ನು ಕಣ್ಣಾರೆ ಕಂಡು, ದಿನಾಂಕ ಬರೆದುಕೊಂಡು ಬನ್ನಿ. ಅಡಿಟಿಪ್ಪಣಿ ಹಾಕುವ ಬಗೆಯನ್ನು ಅಂದು ಸಂಜೆ ಫೋನಿನಲ್ಲೇ ಹೇಳಿಕೊಡುತ್ತೇನೆ.