ಚಿನ್ನುವಿನ 6/6 ವಿಷಯ, ದೊಡ್ಡಪ್ಪನಿಂದ

ಸ್ವಾತಿ, ನಿನ್ನ ಮೆಸೇಜ್ ನೋಡಿದೆ ಕಣಮ್ಮ. ಮ್ಯಾಜಿಕ್ ಅನ್ನೋ ಕಾರ್ಡ್ ಆಟದಲ್ಲಿ ಚಿನ್ನು 6/6 ಕ್ರೀಚರ್ (ಕಾದಾಡೋ ಜೀವಿಯ ಕಾರ್ಡು; ಮೊದಲ ಅಂಕಿ ಅದು ಕೊಡೋ ಪೆಟ್ಟು, ಎರಡನೆಯದು ಟಫ್‌ನೆಸ್, ಅಂದ್ರೆ ಎಷ್ಟು ಪೆಟ್ಟಿಗೆ ಸಾಯುತ್ತೆ ಅನ್ನೋದು) ನುಗ್ಗಿಸಿದ, ಎದುರಿನ ಹುಡುಗ 1/1 ಅಡ್ಡ ಇಟ್ಟ, ಮಿಕ್ಕ 5 ಅವನ ಲೈಫಿನಿಂದ ಕಳೀಲಿಲ್ಲ, ಮೋಸ ಆಯ್ತು ಅಂತ ಮಗು ಅಳ್ತಿದೆ ಅಂತೀಯ. ಗಾಬರಿ ಬೇಡ, ಹೇಳ್ತೀನಿ.

ಮೊದಲು, ನಾವು ಸಿಯಾಟಲ್‌ಗೆ ಬಂದಿದ್ದಾಗ ರಮೇಶನ ಮಗನಿಗೆ ಆದದ್ದು ನೆನಪಿಸ್ಕೊ. ಅವನ 4/4, ಎದುರಿನ 3/3ನ ತಡೆದು ಕೊಂದು ಉಳೀತು. ಅದರ ಮೇಲೆ 3 ಡ್ಯಾಮೇಜ್ ಕೂತಿತ್ತು. ಕಾಂಬ್ಯಾಟ್ ಮುಗೀತು, ಎದುರಿನವನು ಒಂದು ಕೆಂಪು ಮಾನಾ (ಕಾರ್ಡ್ ಹಾಕೋಕೆ ಕೊಡೋ ಶಕ್ತಿ) ಕೊಟ್ಟು ಶಾಕ್ ಅನ್ನೋ ಮಂತ್ರದ ಕಾರ್ಡ್ ಹಾಕಿದ, 2 ಡ್ಯಾಮೇಜ್. ಒಟ್ಟು 5, ಕ್ರೀಚರ್ ಹೋಯ್ತು. ನಮ್ಮ ಹುಡುಗ ‘4ಕ್ಕೆ 2 ಎಲ್ಲಿ ಸಾಲುತ್ತೆ’ ಅಂತ ಊಟಕ್ಕೂ ಏಳಲಿಲ್ಲ. ಬಿದ್ದ ಡ್ಯಾಮೇಜ್ ಆ ಟರ್ನ್ ಮುಗಿಯೋವರೆಗೂ ಅಳಿಸಲ್ಲ ಅಂತ ಚಿನ್ನುಗೆ ಹೇಳು. ಪೆಟ್ಟು ತಿಂದ ಕಾರ್ಡಿನ ಮೇಲೆ ಅಷ್ಟೇ ಅಂಕಿ ತೋರಿಸೋ ಡೈಸ್ ಇಡಲಿ. ಟರ್ನ್ ಮುಗಿಯೋವರೆಗೆ +3/+3 ಕೊಡೋ ಜೈಂಟ್ ಗ್ರೋತ್ ಕಾರ್ಡ್ ಹಾಕಿ 2/2ನ 5/5 ಮಾಡಿದ್ದಾಗ 4 ಡ್ಯಾಮೇಜ್ ಬಿದ್ರೆ ಹೆದರೋದು ಬೇಡ, ಕೊನೆಗೆ ಆ +3/+3, ಈ 4 ಎರಡೂ ಒಟ್ಟಿಗೇ ಹೋಗುತ್ತೆ. ಆದರೆ -1/-1 ಬಂದ್ರೆ ಹುಷಾರು. ಅದು ಡ್ಯಾಮೇಜ್ ಅಲ್ಲ, ಟಫ್‌ನೆಸ್ಸನ್ನೇ ಇಳಿಸುತ್ತೆ. 3 ಡ್ಯಾಮೇಜ್ ಕೂತಿರೋ 4/4ಗೆ ಅದೇ ಸಾಕು. ಮತ್ತೆ ಹೇಳ್ತೀನಿ, ಟರ್ನ್ ಮುಗಿಯೋವರೆಗೂ ಡ್ಯಾಮೇಜ್ ಅಳಿಸಲ್ಲ.

ನನಗೆ ಬೇಜಾರು ಯಾರ ಮೇಲೆ ಅಂದ್ರೆ, ಮಕ್ಕಳ ಮೇಲೆ ರೇಗೋ ಹಳೇ ಆಟಗಾರರ ಮೇಲೆ. ಡ್ಯಾಮೇಜನ್ನ ಸ್ಟ್ಯಾಕ್ (ಇನ್ನೂ ನಡೀಬೇಕಾದವುಗಳ ಸಾಲು) ಮೇಲಿಟ್ಟು, ಆಮೇಲೆ ಕ್ರೀಚರನ್ನ ಸ್ಯಾಕ್ರಿಫೈಸ್ (ತಾನೇ ಬಲಿ) ಮಾಡಿದ್ರೂ ಪೆಟ್ಟು ಬೀಳೋದು 2009ಕ್ಕೇ ನಿಂತುಹೋಯ್ತು. ತುಂಬ ಕ್ರೀಚರ್‌ಗಳು ಬ್ಲಾಕ್ ಮಾಡಿದಾಗ (ಅಡ್ಡ ಬಂದಾಗ) ಸಾಲು ಹಚ್ಚಿ, ಮೊದಲನೆಯದನ್ನ ಮುಗಿಸಿಯೇ ಎರಡನೆಯದಕ್ಕೆ ಕೊಡಬೇಕು ಅನ್ನೋದನ್ನೂ 2024ರಲ್ಲಿ ಫೌಂಡೇಶನ್ಸ್ ಅನ್ನೋ ಕಾರ್ಡ್ ಸೆಟ್ ಜೊತೆ ತೆಗೆದುಹಾಕಿದ್ರು, ಈಗ ಅಟ್ಯಾಕ್ ಮಾಡಿದವನು ಬ್ಲಾಕರ್‌ಗಳಿಗೆ ತನಗೆ ಬೇಕಾದ ಹಾಗೆ ಹಂಚಬಹುದು. ತಾವು ಹೊಸ ರೂಲ್ ಓದಲ್ಲ, ಸರಿಯಾಗಿ ಹೇಳಿದ ಮಗುವಿನ ಬಾಯಿ ಮುಚ್ಚಿಸ್ತಾರೆ. ಹೀಗಾದ್ರೆ ಯಾವ ಮಗು ಮತ್ತೆ ಟೇಬಲ್ ಹತ್ರ ಬರುತ್ತೆ?

ಅಯ್ಯೋ, ನೀನು ಕೇಳಿದ್ದೇ ಉಳೀತು. ಆ 6/6 ಕಾರ್ಡಲ್ಲಿ ಟ್ರ್ಯಾಂಪಲ್ (ಮಿಕ್ಕ ಪೆಟ್ಟನ್ನ ಆಟಗಾರನಿಗೆ ದಾಟಿಸೋ ಗುಣ) ಅಂತ ಬರೆದಿದೆಯಾ ನೋಡು. ಇಲ್ಲ ಅಂದ್ರೆ ಮೋಸ ಆಗಿಲ್ಲ. ಆರಕ್ಕೆ ಆರೂ ಆ 1/1 ಮೇಲೇ ಬೀಳುತ್ತೆ, ಆಟಗಾರನಿಗೆ ಸೊನ್ನೆ. ಬ್ಲಾಕ್ ಆದ ಮೇಲೆ ಆ 1/1 ಸತ್ತುಹೋದ್ರೂ ಸೊನ್ನೆಯೇ. ಟ್ರ್ಯಾಂಪಲ್ ಇದ್ರೆ 1 ಅದಕ್ಕೆ, 5 ಆಟಗಾರನಿಗೆ. ಜೊತೆಗೆ ಡೆತ್‌ಟಚ್ (1 ಪೆಟ್ಟು ಬಿದ್ರೂ ಕ್ರೀಚರನ್ನ ಸಾಯಿಸೋ ಗುಣ) ಕೂಡ ಇದ್ರೆ, 4/4 ಅಡ್ಡ ಬಂದ್ರೂ 1 ಕೊಟ್ಟರೆ ಸಾಕು, 5 ದಾಟುತ್ತೆ. ಮುಂದಿನ ಸಲ ಅನುಮಾನ ಬಂದ ಕೂಡಲೇ ಆಟ ನಿಲ್ಲಿಸಿ ಕೈ ಎತ್ತಿ ಜಡ್ಜನ್ನ ಕರೀಲಿ, ನಾಲ್ಕು ಟರ್ನ್ ಆದ ಮೇಲೆ ಕೇಳಿದ್ರೆ ಹಿಂದಕ್ಕೆ ಹೋಗೋದು ಕಷ್ಟ. ಆ ಕಾರ್ಡಿನ ಫೋಟೋ ಹಾಕು, ಕೆಳಗಿನ ಅಕ್ಷರ ಕಾಣೋ ಹಾಗೆ.