ಹಳೇ ಟ್ಯಾಬ್‌ಗೆ ನಮ್ಮನೆ ವೈಫೈ ಕಾಣಿಸ್ತಿಲ್ಲ

ಪ್ರಶ್ನೆ: ಅಮ್ಮ ದಿನಾ ಸಂಜೆ ಟ್ಯಾಬ್‌ನಲ್ಲಿ ಮೊಮ್ಮಗಳ ಜೊತೆ ಮಾತಾಡ್ತಾರೆ. ಶನಿವಾರ ಹೊಸ ರೂಟರ್ ಹಾಕಿಸಿದೆವು. ನನ್ನ ಫೋನಿಗೆ ಚೆನ್ನಾಗಿ ಸಿಗ್ತಿದೆ. ಟ್ಯಾಬ್‌ನಲ್ಲಿ ಪಕ್ಕದ ಮನೆಯವರ ವೈಫೈ ಕಾಣುತ್ತೆ, ನಮ್ಮದೇ ಇಲ್ಲ! ರೂಟರ್ ಪಕ್ಕಕ್ಕೇ ಹಿಡಿದರೂ ಅಷ್ಟೇ. 2014ರಲ್ಲಿ ತಗೊಂಡ ಟ್ಯಾಬ್. ಅಮ್ಮ ನಿನ್ನೆಯಿಂದ ಅದನ್ನ ಮಡಿಲಲ್ಲೇ ಇಟ್ಕೊಂಡು ಕೂತಿದ್ದಾರೆ. ಗೊತ್ತಿದ್ದವರು ದಯವಿಟ್ಟು ಹೇಳಿ.

ಉತ್ತರ 1: ರೂಟರ್‌ನಲ್ಲಿ 5 ಗಿಗಾಹರ್ಟ್ಸ್ ಬ್ಯಾಂಡ್ (ವೈಫೈ ಸಿಗ್ನಲ್ ಹೋಗೋ ಒಂದು ತರಂಗ ಶ್ರೇಣಿ) ಮಾತ್ರ ಆನ್ ಇರಬೇಕು. ಆ ಕಾಲದ ಕಡಿಮೆ ಬೆಲೆಯ ಎಷ್ಟೋ ಟ್ಯಾಬ್‌ಗಳು ಇನ್ನೊಂದು ಬ್ಯಾಂಡ್ ಆದ 2.4 ಗಿಗಾಹರ್ಟ್ಸ್ ಮಾತ್ರ ಹಿಡಿಯೋದು. ರೂಟರ್ ಕೆಳಗೆ ಅಂಟಿಸಿದ ಚೀಟಿಯಲ್ಲಿ 192.168.1.1 ಥರದ ವಿಳಾಸ ಇರುತ್ತೆ, ಅದನ್ನ ಫೋನಿನ ಬ್ರೌಸರ್‌ನಲ್ಲಿ ಹಾಕಿ ಲಾಗಿನ್ ಆಗಿ. 2.4 ಆನ್ ಮಾಡಿ, ಅದಕ್ಕೆ ಬೇರೆ ಹೆಸರು ಕೊಡಿ.

ಉತ್ತರ 2: 2.4 ಬ್ಯಾಂಡಿನ ಚಾನೆಲ್ ನಂಬರೂ ನೋಡಿ ಸರ್. 12, 13 ಇದ್ದರೆ ಕೆಲವು ಟ್ಯಾಬ್‌ಗೆ ಕಾಣಲ್ಲ. 1, 6, 11ರಲ್ಲಿ ಒಂದು ಇಡಿ. ಸೆಕ್ಯೂರಿಟಿ (ವೈಫೈಗೆ ರಕ್ಷಣೆ ಕೊಡೋ ವಿಧಾನ) ಹೊಸ ಡಬ್ಲ್ಯೂಪಿಎ3 ಇದ್ದರೆ ಹಳೇ ಟ್ಯಾಬ್ ಕನೆಕ್ಟ್ ಆಗದೇ ಇರಬಹುದು, ಹಿಂದಿನ ಡಬ್ಲ್ಯೂಪಿಎ2 ಮಾಡಿ.

ಕೇಳಿದವರು: 2.4 ಆಫ್ ಆಗಿತ್ತು! ಆನ್ ಮಾಡಿದ ತಕ್ಷಣ ಹೆಸರು ಬಂತು, ಆದರೆ ಪಾಸ್‌ವರ್ಡ್ ಹಾಕಿದರೂ 'ಸೇವ್ಡ್' ಅಂತ ನಿಂತುಬಿಡ್ತು. ಡಬ್ಲ್ಯೂಪಿಎ2 ಮಾಡಿದೆ, ಕನೆಕ್ಟ್ ಆಯ್ತು. ಇಬ್ಬರಿಗೂ ತುಂಬಾ ಧನ್ಯವಾದ. ಅಮ್ಮ ಈಗ ಹಿತ್ತಲಲ್ಲಿ ನಿಂತು ಮೊಮ್ಮಗಳಿಗೆ ಮಲ್ಲಿಗೆ ಮೊಗ್ಗು ತೋರಿಸ್ತಿದ್ದಾರೆ.