ಸ್ಟಾರ್‌ಡ್ಯೂ ವ್ಯಾಲಿ: ವೈನ್ ಬಿಟ್ಟು ಸ್ಲೈಮ್ ಮೊಟ್ಟೆ ವ್ಯಾಪಾರ ಗಿಟ್ಟುತ್ತದಾ?

ಕದ್ರಿಗುಡ್ಡೆ

ಎಲ್ಲರಿಗೂ ನಮಸ್ಕಾರ. ಬೇಸಾಯದ ಈ ಆಟವನ್ನು ಆಡುವುದು ಪಿಸಿಯಲ್ಲಿ, 1.6 ಆವೃತ್ತಿ. ಆಟದ ಎರಡನೇ ವರ್ಷದ ಫಾಲ್ ಸೀಸನ್ ಈಗಷ್ಟೇ ಶುರು. ಕೈಯಲ್ಲಿ 28,000 ಗೋಲ್ಡ್, ಕಾಂಬ್ಯಾಟ್ ಲೆವೆಲ್ 7, ಪೆಟ್ಟಿಗೆಯಲ್ಲಿ 340 ಸ್ಲೈಮ್ (ಅದೇ ಹೆಸರಿನ ಪ್ರಾಣಿಯಿಂದ ಸಿಗುವ ಅಂಟು) ಸುಮ್ಮನೆ ಬಿದ್ದುಕೊಂಡಿದೆ. ಮನೆಯ ಮೊದಲ ಅಪ್‌ಗ್ರೇಡ್ ಮಾತ್ರ ಆಗಿದೆ. ಎಲ್ಲಿ ಕೇಳಿದರೂ ಕೆಗ್ (ವೈನ್ ಮಾಡುವ ಪೀಪಾಯಿ) ಇಡಿ, ವೈನ್ ಮಾಡಿ ಅಂತಲೇ ಹೇಳ್ತಾರೆ. ನನಗೆ ಸ್ಲೈಮ್ ಹಚ್ (ಸ್ಲೈಮ್ ಪ್ರಾಣಿ ಸಾಕುವ ಕಟ್ಟಡ) ಕಟ್ಟಿಸಿ ಮೊಟ್ಟೆ ಮಾರುವ ಆಸೆ ಉಂಟು. ಎಷ್ಟು ಸ್ಲೈಮಿನಿಂದ ಶುರು ಮಾಡಬೇಕು? ಎಗ್-ಪ್ರೆಸ್ (ಸ್ಲೈಮ್ ಅಂಟನ್ನು ಮೊಟ್ಟೆ ಮಾಡುವ ಯಂತ್ರ) ಎಷ್ಟು ಬೇಕು? ದಿನಕ್ಕೆ ಎಷ್ಟು ದುಡ್ಡು ನಿರೀಕ್ಷಿಸಬಹುದು? ಲೆಕ್ಕ ಗೊತ್ತಿದ್ದವರು ಹೇಳಿ.

ಪಾಂಗಳ_ಪಿಕ್ಸೆಲ್

ಖಂಡಿತ ಮಾಡಿ ಮಾರಾಯ್ರೆ, ಈ ಹಂತಕ್ಕೆ ಒಳ್ಳೆಯ ವ್ಯಾಪಾರ ಅದು.

ಹಚ್ ಕಟ್ಟಲು ಊರಿನ ಬಡಗಿ ರಾಬಿನ್‌ಗೆ 10,000 ಗೋಲ್ಡ್, 500 ಕಲ್ಲು, 10 ರಿಫೈನ್ಡ್ ಕ್ವಾರ್ಟ್ಜ್, 1 ಇರಿಡಿಯಂ ಬಾರ್ ಕೊಡಬೇಕು. ಒಳಗೆ ಒಂದು ಇನ್‌ಕ್ಯುಬೇಟರ್ (ಮೊಟ್ಟೆಯಿಂದ ಮರಿ ಮಾಡಿಸುವ ಯಂತ್ರ) ಬಂದೇ ಬರ್ತದೆ, ಬೇರೆ ಮಾಡಬೇಕಾಗಿಲ್ಲ. ಎಗ್-ಪ್ರೆಸ್ಸಿನ ರೆಸಿಪಿ ಕಾಂಬ್ಯಾಟ್ 6ರಲ್ಲೇ ಸಿಕ್ಕಿರ್ತದೆ: 25 ಕಲ್ಲಿದ್ದಲು, 1 ಫೈರ್ ಕ್ವಾರ್ಟ್ಜ್, 1 ಬ್ಯಾಟರಿ ಪ್ಯಾಕ್. ಇಲ್ಲಿ ಜಾಗ್ರತೆ: ಫೈರ್ ಕ್ವಾರ್ಟ್ಜನ್ನು ಕುಲುಮೆಗೆ ಹಾಕಿದರೆ 3 ರಿಫೈನ್ಡ್ ಕ್ವಾರ್ಟ್ಜ್ ಆಗ್ತದೆ ಅಂತ ಹಚ್ಚಿಗಾಗಿ ಎಲ್ಲವನ್ನೂ ಕರಗಿಸಿಬಿಡಬೇಡಿ. ಒಂದನ್ನು ಪ್ರೆಸ್ಸಿಗೆ ಎತ್ತಿಡಿ. ಇಲ್ಲದಿದ್ದರೆ ಮತ್ತೆ ಗಣಿಯಲ್ಲಿ 80ನೇ ಹಂತದಿಂದ ಕೆಳಗೆ ಇಳಿದು ಹುಡುಕಬೇಕು.

ಪ್ರೆಸ್ 100 ಸ್ಲೈಮ್ ತಿಂದು ಒಂದು ಮೊಟ್ಟೆ ಕೊಡ್ತದೆ, ಆಟದ 1,200 ನಿಮಿಷಕ್ಕೆ. ಬೆಳಿಗ್ಗೆ ಹಾಕಿದರೆ ಮರುದಿನ ಬೆಳಿಗ್ಗೆ ತಯಾರು. ನಿಮ್ಮ 340ರಲ್ಲಿ ಮೂರು ಮೊಟ್ಟೆ ಆಯ್ತು. ಹೆಚ್ಚಾಗಿ ಹಸಿರೇ ಬರುವುದು. ಮಾರಾಟದ ಬೆಲೆ ಹಸಿರಿಗೆ 1,000, ನೀಲಿಗೆ 1,750, ಕೆಂಪಿಗೆ 2,500, ನೇರಳೆಗೆ 5,000. ನೇರಳೆ ಬಂತು ಅಂತ ಖುಷಿಯಲ್ಲಿ ಇನ್‌ಕ್ಯುಬೇಟರಿಗೆ ಹಾಕಬೇಡಿ, ಸೀದಾ ಮಾರಿ. ನಿಮಗೆ ಬೇಕಾದ್ದು ಹಚ್ಚಿನಲ್ಲಿ ಹುಟ್ಟುವ ಸ್ಲೈಮ್ ಉಂಡೆ, ಅದನ್ನು ಒಡೆದರೆ ಸ್ಲೈಮ್ ಸಿಗ್ತದೆ. ಅದಕ್ಕೆ ಹಸಿರು ಸ್ಲೈಮೇ ಸಾಕು.

ಮೂರನ್ನೂ ಒಂದಾದ ಮೇಲೊಂದು ಮರಿ ಮಾಡಿಸಿ. ತಲೆ ಮೇಲೆ ಆಂಟೆನಾ ಇದ್ದದ್ದು ಗಂಡು, ಇಲ್ಲದ್ದು ಹೆಣ್ಣು. ಒಂದು ಗಂಡು ಒಂದು ಹೆಣ್ಣು ಆಯ್ತಾ, ಮತ್ತೆ ಮೊಟ್ಟೆ ಖರ್ಚು ಮಾಡುವುದು ಬೇಡ, ಅವೇ ಮರಿ ಹಾಕಿ ಹೆಚ್ಚಾಗ್ತವೆ. ಮೂರೂ ಗಂಡೇ ಅಥವಾ ಮೂರೂ ಹೆಣ್ಣೇ ಬಂದರೆ ಮಾತ್ರ ನಾಲ್ಕನೆಯದ್ದು ಬೇಕು. ಅದಕ್ಕೆ ಸೀಕ್ರೆಟ್ ವುಡ್ಸ್ ಎಂಬ ಕಾಡಿಗೆ ದಿನಾ ಒಂದು ಸುತ್ತು ಹೋಗಿ ಬನ್ನಿ, ಅಲ್ಲಿ ಸ್ಲೈಮ್ ದಿನಾ ಇರ್ತದೆ. ಹಚ್ಚಿನಲ್ಲಿ 20 ತುಂಬಿದ ಮೇಲೆ ಮರಿ ನಿಲ್ತದೆ.

ಇನ್ನು ಲೆಕ್ಕ. ಒಳಗೆ ನೀರಿನ ತೊಟ್ಟಿ 4 ಉಂಟು. ಪ್ರತಿ 5 ಸ್ಲೈಮಿಗೆ ಒಂದು ತುಂಬಿದ ತೊಟ್ಟಿ ಇದ್ದರೆ ಒಂದು ಸ್ಲೈಮ್ ಉಂಡೆ. ಶೇಷ ಬಿಟ್ಟು ಭಾಗಿಸುವುದರಿಂದ 19 ಇದ್ದರೂ ಮೂರೇ ಉಂಡೆ, 20 ಆದರೇ ನಾಲ್ಕು. ಒಂದು ಉಂಡೆ ಒಡೆದರೆ 10ರಿಂದ 20 ಸ್ಲೈಮ್. ಹಾಗಾಗಿ ತುಂಬಿದ ಹಚ್ಚಿನಿಂದ ದಿನಕ್ಕೆ ಸರಾಸರಿ 60. ಒಂದು ಪ್ರೆಸ್ ದಿನಕ್ಕೆ 100 ಅರೆಯುತ್ತದಾದ್ದರಿಂದ ಎರಡನೆಯದ್ದಕ್ಕೆ ಬ್ಯಾಟರಿ ಹಾಳು ಮಾಡಬೇಡಿ. 28 ದಿನದ ಒಂದು ಸೀಸನ್‌ಗೆ ಸುಮಾರು 1,680 ಸ್ಲೈಮ್, 16 ಮೊಟ್ಟೆ. ಎಲ್ಲವೂ ಹಸಿರೇ ಬಂದರೂ 16,000. ಸ್ಲೈಮನ್ನು ಹಾಗೇ ಮಾರಿದರೆ ಒಂದಕ್ಕೆ 5 ಗೋಲ್ಡ್, ಅಂದರೆ ಅರ್ಧ ದುಡ್ಡು ಅಷ್ಟೇ. ಪ್ರೆಸ್ಸನ್ನು ಹಚ್ಚಿನ ಒಳಗೇ ಇಟ್ಟುಕೊಳ್ಳಿ, ಓಡಾಟ ಕಡಿಮೆ.

ಮಲ್ಪೆ_ಸೆಲ್ಲರ್

ಲೆಕ್ಕ ಸರಿ ಉಂಟು. ಆದರೆ ಇದನ್ನೇ ಕೊನೆಯ ವ್ಯಾಪಾರ ಅಂತ ಇಟ್ಟುಕೊಳ್ಳಬೇಡಿ. ಆರ್ಟಿಸನ್ ವೃತ್ತಿಯ 40% ಹೆಚ್ಚಳ ಸ್ಲೈಮ್ ಮೊಟ್ಟೆಗೆ ಇಲ್ಲ. ಹಚ್ಚಿನಿಂದ ಬಂದ ದುಡ್ಡನ್ನು ಮನೆಯ ನೆಲಮಾಳಿಗೆಗೆ ಹಾಕಿ: ಎರಡನೇ ಅಪ್‌ಗ್ರೇಡ್ 65,000 ಮತ್ತು 100 ಹಾರ್ಡ್‌ವುಡ್, ಆಮೇಲೆ ಸೆಲ್ಲರ್ 100,000. ಅದರ ಜೊತೆ 33 ಕ್ಯಾಸ್ಕ್ (ಒಳಗಿಟ್ಟದ್ದರ ಗುಣಮಟ್ಟ ಏರಿಸುವ ಪೀಪಾಯಿ) ಬರ್ತದೆ.

ವೈನ್ ಬೇಡವೇ ಬೇಡ ಅಂತಾದರೆ ಆಡಿನ ಗಿಣ್ಣು, ಅಂದರೆ ಗೋಟ್ ಚೀಸ್ ಇಡಿ. 400 ಗೋಲ್ಡಿನದ್ದು 14 ದಿನದಲ್ಲಿ ಇರಿಡಿಯಂ (ಅತಿ ಮೇಲಿನ) ಗುಣಮಟ್ಟ ಆಗಿ 800 ಆಗ್ತದೆ. ಲಾರ್ಜ್ ಗೋಟ್ ಮಿಲ್ಕ್‌ನಿಂದ ಮಾಡಿದ ಗೋಲ್ಡ್ ಗುಣಮಟ್ಟದ ಚೀಸ್ ಆದರೆ 7 ದಿನ ಸಾಕು. 33 ಕ್ಯಾಸ್ಕಿಗೆ 14 ದಿನಕ್ಕೆ 13,200 ಹೆಚ್ಚುವರಿ, ಅಂದರೆ ದಿನಕ್ಕೆ 940ರ ಮೇಲೆ, ಆರ್ಟಿಸನ್ ಸೇರಿಸದೆ. ಸ್ಟಾರ್‌ಫ್ರೂಟ್ ವೈನ್ 2,250ರಿಂದ 4,500 ಆಗ್ತದೆ ನಿಜ, ಆದರೆ ಅದಕ್ಕೆ 56 ದಿನ, ಎರಡು ಸೀಸನ್ ಪೂರ್ತಿ. ನಡುವೆ ದುಡ್ಡು ಬೇಕಾದರೆ ಕ್ಯಾಸ್ಕಿಗೆ ಕೊಡಲಿಯಿಂದ ಒಂದು ಪೆಟ್ಟು ಹಾಕಿ, ಆಗ ಎಷ್ಟು ಗುಣಮಟ್ಟ ಬಂದಿದೆಯೋ ಅಷ್ಟರಲ್ಲೇ ಹೊರಗೆ ಬರ್ತದೆ. ಕ್ಯಾಸ್ಕನ್ನು ಶೆಡ್ಡಿನಲ್ಲಿ ಇಟ್ಟರೆ ಕೆಲಸ ಮಾಡುವುದಿಲ್ಲ, ಸೆಲ್ಲರೇ ಆಗಬೇಕು.

ಕದ್ರಿಗುಡ್ಡೆ

ಇಬ್ಬರಿಗೂ ತುಂಬ ಥ್ಯಾಂಕ್ಸ್. ಮೊದಲು ಹಚ್, ಆಮೇಲೆ ಸೆಲ್ಲರ್. ದಿನಾ ತೊಟ್ಟಿ ತುಂಬಿಸಲು ಒಳಗೆ ಹೋದರೆ ಸ್ಲೈಮ್ ಮೈಮೇಲೆ ಬೀಳ್ತದಲ್ಲ, ಅದಕ್ಕೆ ಎಂತ ಮಾಡುದು?

ಬಿಜೈ_ರಾತ್ರಿಪಾಳಿ

ಮೊದಲು ಒಂದು ತಿದ್ದುಪಡಿ. ಪ್ರೆಸ್ ಒಳಗಿಡಬೇಡಿ ಪಾಂಗಳದವರೇ. ಉಂಡೆ ಹುಟ್ಟುವುದು ಖಾಲಿ ಚೌಕದಲ್ಲಿ, ಅದೂ ಎಲ್ಲೆಂದರಲ್ಲಿ. ಪ್ರೆಸ್, ಪೆಟ್ಟಿಗೆ, ಒಡೆಯದೆ ಬಿಟ್ಟ ಹಳೇ ಉಂಡೆ ಎಲ್ಲ ಸೇರಿ ನೆಲ ತುಂಬಿದಷ್ಟೂ ಹೊಸದಕ್ಕೆ ಜಾಗ ತಪ್ಪುತ್ತದೆ. ಪ್ರೆಸ್ಸನ್ನು ಹಚ್ಚಿನ ಬಾಗಿಲ ಹೊರಗೆ ಇಡಿ, ಉಂಡೆ ದಿನಾ ಒಡೆಯಿರಿ.

ನೀರಿನ ವಿಷಯ: ನಾಲ್ಕೂ ತೊಟ್ಟಿ ಬಲಗಡೆ ಮೇಲಿಂದ ಕೆಳಗೆ ಒಂದೇ ಸಾಲಿನಲ್ಲಿ ಉಂಟು. ಅದರ ಪಕ್ಕ ಸ್ಪ್ರಿಂಕ್ಲರ್ ಇಟ್ಟರೆ ಬೆಳಿಗ್ಗೆ ತಾನಾಗಿ ತುಂಬ್ತದೆ. ಕ್ವಾಲಿಟಿ ಸ್ಪ್ರಿಂಕ್ಲರಿಗೆ ಸುತ್ತಲಿನ 8 ಚೌಕ ಮಾತ್ರ ಸಿಗುವುದರಿಂದ ಒಂದಕ್ಕೆ ಮೂರೇ ತೊಟ್ಟಿ, ಹಾಗಾಗಿ ಎರಡು ಬೇಕು. ಇರಿಡಿಯಂ ಸ್ಪ್ರಿಂಕ್ಲರ್ ಆದರೆ ಸಾಲಿನ ನಡುವಿಗೆ ಸರಿಯಾಗಿ ಇಟ್ಟ ಒಂದೇ ಸಾಕು. ಆದರೆ ಅದಕ್ಕೂ ಒಂದು ಬ್ಯಾಟರಿ ಬೇಕಲ್ಲ. ಒಂದೇ ಬ್ಯಾಟರಿ ಇದ್ದರೆ ಪ್ರೆಸ್ಸಿಗೇ ಹಾಕಿ. ಇಲ್ಲಿಗೆ ಕ್ವಾಲಿಟಿ ಎರಡು ಇಡಿ, ಒಂದಕ್ಕೆ ಕಬ್ಬಿಣದ ಬಾರ್ 1, ಚಿನ್ನದ ಬಾರ್ 1, ರಿಫೈನ್ಡ್ ಕ್ವಾರ್ಟ್ಜ್ 1. ಹೊರಗೆ ಮಳೆ ಬಂದರೂ ಒಳಗಿನ ತೊಟ್ಟಿ ತುಂಬುವುದಿಲ್ಲ, ನೆನಪಿರಲಿ.

ಮೈಮೇಲೆ ಬೀಳುವುದಕ್ಕೆ ಪೂರ್ತಿ ಪರಿಹಾರ ಸ್ಲೈಮ್ ಚಾರ್ಮರ್ ಉಂಗುರ. 1,000 ಸ್ಲೈಮ್ ಕೊಂದರೆ ಅಡ್ವೆಂಚರರ್ಸ್ ಗಿಲ್ಡಿನಲ್ಲಿ ಕೊಡ್ತಾರೆ. ಆಮೇಲೆ ಪೆಟ್ಟೂ ಇಲ್ಲ, ಅಂಟಿ ನಡಿಗೆ ನಿಧಾನವಾಗುವುದೂ ಇಲ್ಲ. ಅಲ್ಲಿವರೆಗೆ ಸ್ಪ್ರಿಂಕ್ಲರ್ ಇಟ್ಟು, ಉಂಡೆ ಒಡೆಯಲು ಮಾತ್ರ ಒಳಗೆ ಹೋಗಿ ಬೇಗ ಬನ್ನಿ. ಕತ್ತಿ ಬೀಸಬೇಡಿ, ಸಾಕಿದ ಸ್ಲೈಮೂ ಸಾಯ್ತದೆ, 20 ಇದ್ದದ್ದು 19 ಆದರೆ ಅವತ್ತಿನ ಒಂದು ಉಂಡೆ ಹೋಯ್ತು.

ಮತ್ತೆ ಪಿಸಿಯಲ್ಲಿ ಆಟ ಸೇವ್ ಆಗುವುದು ಆಟದ ದಿನ ಮುಗಿದಾಗ (ಹೆಚ್ಚಾಗಿ ಹಾಸಿಗೆಯಲ್ಲಿ ಮಲಗಿದಾಗ) ಮಾತ್ರ. ಮಂಗಳೂರಿನ ಮಳೆಗೆ ಕರೆಂಟ್ ಯಾವ ಹೊತ್ತಿಗೆ ಹೋಗ್ತದೆ ಅಂತ ಹೇಳಲಾಗದು, ಯುಪಿಎಸ್ ಇಲ್ಲದ ಡೆಸ್ಕ್‌ಟಾಪ್ ಆದರೆ ಆ ದಿನದ ಕೆಲಸ ಪೂರ್ತಿ ಹೋಗ್ತದೆ. ಗುಡುಗು ಶುರುವಾದರೆ ಪ್ರೆಸ್ಸಿಗೆ ಸ್ಲೈಮ್ ಹಾಕಿ, ಮೊಟ್ಟೆಯನ್ನು ಶಿಪ್ಪಿಂಗ್ ಬಿನ್ನಿಗೆ (ಮಾರುವ ಪೆಟ್ಟಿಗೆಗೆ) ಹಾಕಿ, ಮಧ್ಯಾಹ್ನವಾದರೂ ಸರಿ, ಮಲಗಿಬಿಡಿ.